ನರ ಉಳಿಸುವ ಹಸಿರು ಬಣ್ಣ: ಹಾಕಿಸಿಕೊಂಡವರು ಯಾರಾದರೂ ಇದ್ದೀರಾ?

ಹಾಸನದ ಮಗ
ಅಪ್ಪನಿಗೆ 63 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ (ಕ್ಯಾನ್ಸರ್ ಎಷ್ಟು ಜೋರು ಅನ್ನುವ ಅಂಕ) 3+4, ಪಿಎಸ್‌ಎ (ಇದರ ರಕ್ತಪರೀಕ್ಷೆ) 9.2. ಗಡ್ಡೆ ಎಡಗಡೆ ಮಾತ್ರ ಇದೆ, ಮೂಳೆಗೆ ಹೋಗಿಲ್ಲ. ಬೆಂಗಳೂರಿನಲ್ಲಿ ರೋಬಾಟಿನಿಂದ ಪ್ರಾಸ್ಟೇಟ್ ತೆಗೆಯುವ ಆಪರೇಷನ್ ಅಂತ ನಿಗದಿಯಾಗಿದೆ. "ಹಸಿರಾಗಿ ಹೊಳೆಯುವ ಇಂಜೆಕ್ಷನ್ ಕೊಟ್ಟರೆ ನರ ಉಳಿಸೋದು ಸುಲಭ" ಅಂತ ಡಾಕ್ಟರು ಹೇಳಿದರು. ಗಂಡಸುತನಕ್ಕೆ ಬೇಕಾದ ನರವಂತೆ. ಅಪ್ಪ ಈ ವಿಷಯ ನನ್ನ ಹತ್ತಿರ ಮಾತಾಡಲ್ಲ, ನಾನೂ ಕೇಳಲಾರೆ. ಹಾಕಿಸಿಕೊಂಡವರು ದಯವಿಟ್ಟು ಹೇಳಿ.

ತುಮಕೂರು ಮೇಷ್ಟ್ರು
ನಾನು ಹಾಕಿಸಿಕೊಂಡವನು. ಎರಡು ವರ್ಷ ಆಯಿತು. ಪ್ಯಾಕೇಜ್ 5,40,000. ನನ್ನ ಪಾಲಿಸಿ 5 ಲಕ್ಷದ್ದು, ಆದರೆ ರೋಬಾಟಿಗೆ ಅರ್ಧ ಮಾತ್ರ ಅಂತ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅದರ ಮೇಲೆ ರೂಮಿನ ಬಾಡಿಗೆ. ಮಿತಿ ದಿನಕ್ಕೆ 5,000, ನಮಗೆ ಸಿಕ್ಕಿದ್ದು 8,500ರ ರೂಮು. ಆ ಲೆಕ್ಕದಲ್ಲಿ ಬೇರೆ ಬಿಲ್ಲಿಗೂ ಕತ್ತರಿ ಹಾಕಿದರು. ಕೊನೆಗೆ ಕೊಟ್ಟಿದ್ದು 2,12,000. ಉಳಿದ 3,28,000 ಕೈಯಿಂದ. ಆ ಹಸಿರು ಬಣ್ಣಕ್ಕೆ ಬೇರೆ 2,650, ಅದು ಪ್ಯಾಕೇಜಿನಲ್ಲಿ ಬರಲ್ಲವಂತೆ.

ದುಡ್ಡು ಹೋಗಲಿ. "ನರ ಕಾಣುತ್ತಾ ಸಾರ್" ಅಂತ ನಾನೇ ಕೇಳಿದ್ದೆ. "ಎಲ್ಲಾ ಕಾಣುತ್ತೆ" ಅಂದರು. ಮೂತ್ರದ ಪೈಪ್ ತೆಗೆದದ್ದು ಒಂಬತ್ತನೇ ದಿನ. ಆಮೇಲೆ ಮೂತ್ರ ನಿಲ್ಲದೆ ಏಳು ತಿಂಗಳು ಪ್ಯಾಡ್. ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಲೆಕ್ಕ ಇಟ್ಟಿದ್ದೇನೆ. 611 ಪ್ಯಾಡು, ಒಂದಕ್ಕೆ 42 ರೂಪಾಯಿ, 25,662. ಮದುವೆ ಮನೆಗಳಿಗೆ ಹೋಗೋದೇ ಬಿಟ್ಟೆ. ಇನ್ನೊಂದು ವಿಷಯ ಬರೆಯೋಕೆ ಸಂಕೋಚ. ಅರ್ಥ ಮಾಡಿಕೊಳ್ಳಿ, ವಾಪಸ್ ಬಂದಿಲ್ಲ. ಪಿಎಸ್‌ಎ ಮಾತ್ರ 0.01ಕ್ಕಿಂತ ಕೆಳಗೆ. ಎಲ್ಲರೂ "ಅದೇ ಮುಖ್ಯ ಅಲ್ವಾ ಮೇಷ್ಟ್ರೇ" ಅಂತಾರೆ. ಹೌದಪ್ಪ, ಅದೇ ಮುಖ್ಯ.

ರಾತ್ರಿ ಡ್ಯೂಟಿ
ಯೂರಾಲಜಿಯಲ್ಲಿ (ಮೂತ್ರಾಂಗದ ವಿಭಾಗ) ಡಾಕ್ಟರಾಗಿ ಕಲಿಯುತ್ತಿದ್ದೇನೆ. ಮೇಷ್ಟ್ರೇ, ನಿಮಗೆ ಕೊಟ್ಟಿದ್ದು ಇಂಡೋಸಯನೀನ್ ಗ್ರೀನ್, ಐಸಿಜಿ. 1950ರ ದಶಕದಿಂದ ಇರುವ ಔಷಧಿ. ಅದು ನರಕ್ಕೆ ಅಂಟುವುದೇ ಇಲ್ಲ. ರಕ್ತದ ಪ್ರೋಟೀನಿಗೆ ಅಂಟಿಕೊಂಡು ರಕ್ತನಾಳದಲ್ಲೇ ಓಡಾಡುತ್ತೆ, ಕೆಲವೇ ನಿಮಿಷಗಳಲ್ಲಿ ಲಿವರ್ ಎಳೆದುಕೊಂಡು ಪಿತ್ತಕ್ಕೆ ಬಿಡುತ್ತೆ. ರೋಬಾಟಿನ ಕ್ಯಾಮೆರಾದ ಮೋಡ್ ಬದಲಾಯಿಸಿದರೆ ಸುತ್ತಲೂ ಬೂದು, ರಕ್ತನಾಳ ಹಸಿರು. ಪ್ರಾಸ್ಟೇಟಿನ ಎರಡೂ ಪಕ್ಕ ನರ ಮತ್ತು ರಕ್ತನಾಳ ಒಂದೇ ಕಟ್ಟಿನಲ್ಲಿ ಇಳಿಯುತ್ತವೆ. ನಾಲೆ ಕಂಡರೆ ಏರಿ ಮೇಲಿನ ದಾರಿ ಎಲ್ಲಿದೆ ಅಂತ ಗೊತ್ತಾಗುತ್ತಲ್ಲ, ಹಾಗೆ. ದಾರಿ ಮಾತ್ರ ಹೊಳೆಯಲ್ಲ.

ನರಕ್ಕೇ ಅಂಟುವ ಬಣ್ಣಗಳು ಬೇರೆ. ನರದ ಮೇಲಿನ ಮೈಲಿನ್ ಪೊರೆಗೆ ಅಂಟುವ ರಿಝೆಡಿಸ್‌ಬೆನ್ ಅಂತ ಒಂದನ್ನು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದೇ ಆಪರೇಷನ್ನಿನಲ್ಲಿ ಪರೀಕ್ಷಿಸಿದರು. ತೊಡೆಗೆ ಹೋಗುವ ದಪ್ಪ ನರ ಚೆನ್ನಾಗಿ ಹೊಳೆಯಿತು. ನಮಗೆ ಬೇಕಾದ ಸಣ್ಣ ನರಗಳದ್ದೇ ತಕರಾರು. ಅವು ಕೂದಲೆಳೆ ಥರ, ಹೆಚ್ಚಿನವುಗಳ ಮೇಲೆ ಆ ಪೊರೆಯೇ ಇರಲ್ಲ.

ಇನ್ನೊಂದು ಮಾತು. 1982ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ಯಾಟ್ರಿಕ್ ವಾಲ್ಶ್ ಮೊದಲು ನರ ಉಳಿಸಿದಾಗ ಯಾವ ಬಣ್ಣವೂ ಇರಲಿಲ್ಲ. ಕೈ ಮುಖ್ಯ.

ತುಮಕೂರು ಮೇಷ್ಟ್ರು
ಇದನ್ನು 2,650 ಕಟ್ಟಿಸಿಕೊಳ್ಳುವ ಮೊದಲು ಹೇಳಬೇಕಿತ್ತು. ಒಪ್ಪಿಗೆ ಪತ್ರ ಹನ್ನೊಂದು ಪುಟ, ಪೂರ್ತಿ ಇಂಗ್ಲಿಷ್. ಬೆಳಿಗ್ಗೆ ಆರು ಗಂಟೆಗೆ, ಕನ್ನಡಕ ಬಿಚ್ಚಿಸಿದ ಮೇಲೆ ಸಹಿ ಹಾಕಿಸಿಕೊಂಡರು.

ಜಯನಗರ 4ನೇ ಬ್ಲಾಕ್
ಕನ್ನಡದ್ದು ಕೇಳಿದ್ದರೆ ಕೊಡುತ್ತಿದ್ದರು ಸಾರ್. ನಮಗೆ ಕೊಟ್ಟರು.

ತುಮಕೂರು ಮೇಷ್ಟ್ರು
ಕೇಳಬೇಕಾ? ಬೆಂಗಳೂರಿನಲ್ಲಿ ಕನ್ನಡವನ್ನು ಕೇಳಿ ಪಡೆಯಬೇಕಾ? ಮೂವತ್ತೊಂದು ವರ್ಷ ಪಾಠ ಮಾಡಿದವನು ನಾನು.

ಶಿರಸಿ ಅಕ್ಕ
ಜಗಳ ಆಮೇಲೆ ಆಡಿ. ನಮ್ಮನೆಯವರ ಕಥೆ ಕೇಳಿ. "ನರ ಉಳಿಸಿ, ಎರಡೂ ಕಡೆ ಉಳಿಸಿ" ಅಂತ ಇವರು ಡಾಕ್ಟರ ಹತ್ತಿರ ಹಟ ಹಿಡಿದರು. ಡಾಕ್ಟರಿಗೆ ಮನಸ್ಸಿರಲಿಲ್ಲ, ಇವರ ಕಾಟಕ್ಕೆ ಒಪ್ಪಿದರು. ರಿಪೋರ್ಟ್ ಬಂತು, ಮಾರ್ಜಿನ್ ಪಾಸಿಟಿವ್, ಅಂದರೆ ಕತ್ತರಿಸಿದ ಅಂಚಿನಲ್ಲೇ ಕ್ಯಾನ್ಸರ್. ಉಳಿಸಿದ ಕಡೆಯೇ. ಎಂಟು ತಿಂಗಳಿಗೆ ಪಿಎಸ್‌ಎ ಏರಿತು. 33 ದಿನ ರೇಡಿಯೇಷನ್. ಬೆಂಗಳೂರಿನಲ್ಲಿ ಒಂದೂವರೆ ತಿಂಗಳು ರೂಮು, 18,000 ಬಾಡಿಗೆ, 50,000 ಅಡ್ವಾನ್ಸ್, ಬಿಡುವಾಗ ಪೇಂಟಿಂಗ್ ಅಂತ 9,000 ಹಿಡಿದುಕೊಂಡ. ಒಂದೂವರೆ ತಿಂಗಳಿಗೆ ಯಾವ ಗೋಡೆ ಕೊಳೆಯಾಗುತ್ತೆ ಹೇಳಿ. ಊರಲ್ಲಿ ಅಡಿಕೆ ಕೊಯ್ಲು, ನೋಡೋರಿಲ್ಲ. ರೇಡಿಯೇಷನ್ ಆದ ಮೇಲೆ ಆ ಉಳಿಸಿದ ನರವೂ ಉಪಯೋಗಕ್ಕೆ ಬರಲಿಲ್ಲ.

ಒಂದು ಕೇಳ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಇಲ್ಲಿ ಬರೆಯುವ ಗಂಡಸರು ಹೆಂಡತಿಯನ್ನು ಒಂದು ಮಾತು ಕೇಳಿದ್ದೀರಾ? ನನ್ನನ್ನು ಕೇಳಿದ್ದರೆ ನರ ಬೇಡ, ಮನುಷ್ಯ ಬೇಕು ಅಂತಿದ್ದೆ.

ಲಂಡನ್ನಿನ ಮಂಡ್ಯದವ
ನಾಲೆ ಉದಾಹರಣೆ ಚೆನ್ನಾಗಿದೆ ಡಾಕ್ಟ್ರೇ. ನಮ್ಮೂರ ಕಡೇ ಭಾಗದ ನಾಲೆಗೆ ನೀರೇ ಬರಲ್ಲ.

ಅಕ್ಕ, ನಿಮಗಾದ ತೊಂದರೆಗೇ ಇಲ್ಲಿ ನ್ಯೂರೋಸೇಫ್ ಮಾಡೋದು. ನನಗೆ ಅದೇ ಆಯಿತು. ಪ್ರಾಸ್ಟೇಟ್ ಹೊರಗೆ ತೆಗೆದು, ನರಕ್ಕೆ ತಾಗಿದ್ದ ಅಂಚನ್ನು ಆಗಲೇ ಮಂಜುಗಟ್ಟಿಸಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅಂಚಿನಲ್ಲಿ ಕ್ಯಾನ್ಸರ್ ಇದ್ದರೆ ಮಾತ್ರ ಆ ಕಡೆ ನರ ತೆಗೆಯುತ್ತಾರೆ. 2025ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಪರೀಕ್ಷೆಯ ಫಲಿತಾಂಶ ಬಂತು. ಒಂದು ವರ್ಷದ ನಂತರ ಗಂಡಸುತನದ ತೊಂದರೆ ಇಲ್ಲದವರು ಅಥವಾ ಸ್ವಲ್ಪವೇ ಇದ್ದವರು 39%, ಮಾಮೂಲಿ ಆಪರೇಷನ್ ಆದವರಲ್ಲಿ 23%. ಬಣ್ಣದ ಪರೀಕ್ಷೆಯೂ ಇಲ್ಲಿ ನಡೆದಿದೆ, ಆದರೆ ಅದು ಕ್ಯಾನ್ಸರಿಗೆ ಅಂಟುವ ಬಣ್ಣ, ನರಕ್ಕಲ್ಲ. ಆಕ್ಸ್‌ಫರ್ಡಿನಲ್ಲಿ 23 ಜನರಿಗೆ ಹಾಗೆ ಮಾಡಿದರು. ಕಳ್ಳ ಹೊಳೆದರೆ ಸಾಕು, ಮನೆಯವರನ್ನು ಗುರುತು ಹಿಡಿಯೋದೇನು ಕಷ್ಟ. ನನಗೆ ಒಂದು ಪೌಂಡೂ ಖರ್ಚಾಗಲಿಲ್ಲ, ಪಾರ್ಕಿಂಗ್ ಬಿಟ್ಟರೆ.

ಜಯನಗರ 4ನೇ ಬ್ಲಾಕ್
ಒಂದು ಪೌಂಡೂ ಇಲ್ಲವಂತೆ. ತೆರಿಗೆ ಯಾರು ಕಟ್ಟೋದು ಸ್ವಾಮಿ? ಅಲ್ಲಿ ಎಷ್ಟು ವಾರ ಸರದಿಯಲ್ಲಿ ಕಾದಿರಿ, ಅದನ್ನೂ ಹೇಳಿ.

ಲಂಡನ್ನಿನ ಮಂಡ್ಯದವ
ಹನ್ನೊಂದು ವಾರ. ಏನೀಗ? ಕಾದು ಸತ್ತಿಲ್ಲವಲ್ಲ.

ನಾಟಿ ಮದ್ದು
ಇದಕ್ಕೆಲ್ಲ ಆಪರೇಷನ್ ಯಾಕೆ. ನಮ್ಮಲ್ಲಿ ಬೇರು ಕೊಡ್ತಾರೆ, 48 ದಿನ.

ರಾತ್ರಿ ಡ್ಯೂಟಿ
ಹೀಗೆ 48 ದಿನ ಅಂತ ಹೋದವರು ಎರಡು ವರ್ಷ ಬಿಟ್ಟು, ಬೆನ್ನುಮೂಳೆಗೆ ಹರಡಿದ ಮೇಲೆ ನಮ್ಮ ವಾರ್ಡಿಗೆ ಬರುತ್ತಾರೆ. ದಯವಿಟ್ಟು ಇಲ್ಲಿ ಬೇಡ.

ನಾಟಿ ಮದ್ದು
ನೀವು ಇನ್ನೂ ಓದ್ತಾ ಇರೋರು.

ಶಿರಸಿ ಅಕ್ಕ
ಅವರು ಓದ್ತಾದರೂ ಇದ್ದಾರೆ.

ಹಾಸನದ ಮಗ
ಎಲ್ಲರಿಗೂ ಥ್ಯಾಂಕ್ಸ್. ಗಡ್ಡೆ ಎಡಗಡೆ ಇದ್ದರೆ ಬಲಗಡೆ ನರ ಒಂದೇ ಉಳಿಸಿದರೂ ನಡೆಯುತ್ತಾ? ಇದನ್ನು ಯಾರೂ ಹೇಳಲಿಲ್ಲ.

ರಾತ್ರಿ ಡ್ಯೂಟಿ
ಒಂದೇ ಕಡೆ ಉಳಿದರೂ ಕೆಲವರಿಗೆ ವಾಪಸ್ ಬರುತ್ತೆ. ಎರಡೂ ಉಳಿದರೆ ಅವಕಾಶ ಜಾಸ್ತಿ. ಮೊದಲು ಹೇಗಿದ್ದರು, ಶುಗರ್ ಇದೆಯಾ, ಬೀಡಿ ಸಿಗರೇಟು ಇದೆಯಾ, ಅದೂ ಲೆಕ್ಕಕ್ಕೆ ಬರುತ್ತೆ. ವರ್ಷ, ಒಂದೂವರೆ ವರ್ಷವೂ ಹಿಡಿಯಬಹುದು. ಅಯೋಡಿನ್ ಅಲರ್ಜಿ ಇದ್ದರೆ ಐಸಿಜಿಗೆ ಮುಂಚೆ ಹೇಳಿ. ಎಡಗಡೆ ಗಡ್ಡೆ ಅಂಚಿಗೆ ಎಷ್ಟು ಹತ್ತಿರ ಇದೆ ಅಂತ ಎಂಆರ್‌ಐ ಇಟ್ಟುಕೊಂಡು ಕೇಳಿ. ನೀವಲ್ಲ, ಅಪ್ಪನ ಬಾಯಿಂದಲೇ ಕೇಳಿಸಿ. ನೀವು ಹೊರಗೆ ಕೂತಿರಿ.

ತುಮಕೂರು ಮೇಷ್ಟ್ರು
ಒಂದೂವರೆ ವರ್ಷ ಅಂದಿರಾ? ನನಗೆ ಎರಡಾಯಿತು. ಇನ್ನೂ ಕಾಯಬಹುದಾ?

ಜಯನಗರ 4ನೇ ಬ್ಲಾಕ್
ಮೇಷ್ಟ್ರೇ, ಆ ಪ್ಯಾಡು 42ಕ್ಕೆ ಎಲ್ಲಿ ತಗೊಂಡಿರಿ? ನಮ್ಮ ಕಡೆ 55.