ಘಾಟಿ ರಸ್ತೆಗೆ ಕ್ಯಾರವಾನ್ ಎಳೆಯೋಕೆ ಯಾವ ಗಾಡಿ?

ಕ್ಯಾತ್ಸಂದ್ರದವನು:
ಊರು ತುಮಕೂರು. ಸಾಮಾನೆಲ್ಲ ತುಂಬಿದ ಮೇಲೆ 1,200 ಕೆ.ಜಿ. ತೂಗುವ ಸಣ್ಣ ಕ್ಯಾರವಾನ್ ಟ್ರೇಲರ್ ಮಾಡಿಸುತ್ತಿದ್ದೇನೆ. ಮನೆಯವರನ್ನೆಲ್ಲ ಕರ್ಕೊಂಡು ಚಿಕ್ಕಮಗಳೂರು, ಮಡಿಕೇರಿ, ಸಾಧ್ಯವಾದರೆ ಊಟಿವರೆಗೂ ಹೋಗುವ ಆಸೆ. ಈಗಿರೋದು ಕ್ರೆಟಾ 1.5 ಪೆಟ್ರೋಲ್. ಹಿಂದೆ ಒಂದು ಹುಕ್ ಹಾಕಿಸಿದರೆ ಅದೇ ಸಾಕು ಅಂತಾನೆ ನನ್ನ ಬಾಮೈದ. ನನಗೆ ಧೈರ್ಯ ಬರ್ತಿಲ್ಲ. ಸೆಕೆಂಡ್ ಹ್ಯಾಂಡ್ ಸ್ಕಾರ್ಪಿಯೊ-ಎನ್ ಡೀಸೆಲ್ ಇಲ್ಲಾಂದ್ರೆ ಇಸುಜು ವಿ-ಕ್ರಾಸ್ ನೋಡ್ತಿದ್ದೇನೆ. ಹೈಲಕ್ಸ್ ನಮ್ಮ ಬಜೆಟ್ ಅಲ್ಲ. ಯಾವುದು ತಗೊಳ್ಳಲಿ?

ಡೀಸೆಲ್ ಪ್ರಿಯ, ಚಿಂತಾಮಣಿ:
ಬಾಮೈದನ ಮಾತು ಕೇಳ್ಬೇಡಿ ಸಾರ್. ಕ್ರೆಟಾ ಪೆಟ್ರೋಲಿನ ಟಾರ್ಕ್, ಅಂದರೆ ಎಳೆಯುವ ತಾಕತ್ತು, 144 ನ್ಯೂಟನ್ ಮೀಟರ್, ಅದೂ 4,500 ಆರ್‌ಪಿಎಂಗೆ ಏರಿಸಿದರೆ ಮಾತ್ರ. ಸ್ಕಾರ್ಪಿಯೊ-ಎನ್ ಡೀಸೆಲ್ ಆಟೊಮ್ಯಾಟಿಕ್ 1,750ಕ್ಕೇ 400 ಕೊಡುತ್ತದೆ. ವಿ-ಕ್ರಾಸ್ 360. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಎತ್ತರಕ್ಕೆ ಹೋದಷ್ಟೂ ಸೊರಗುತ್ತದೆ, ಊಟಿ 2,240 ಮೀಟರ್ ಮೇಲಿದೆ ಅಲ್ವಾ. ಜೊತೆಗೆ ಸ್ಕಾರ್ಪಿಯೊ, ವಿ-ಕ್ರಾಸ್ ಎರಡೂ ಲ್ಯಾಡರ್ ಫ್ರೇಮ್, ಅಂದರೆ ಲಾರಿ ತರಹ ಬೇರೆ ಚಾಸಿ ಇರುವ ಗಾಡಿಗಳು, ಹುಕ್ಕನ್ನು ಗಟ್ಟಿ ಚಾಸಿಗೆ ಬಿಗಿಯಬಹುದು. ಆಟೊಮ್ಯಾಟಿಕ್ಕೇ ತಗೊಳ್ಳಿ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಕ್ಲಚ್ ಪ್ಲೇಟ್ ಸುಡುವ ತಲೆನೋವು ಇರಲ್ಲ.

ಹಳೇ ಲಾರಿ ಡ್ರೈವರ್, ಶಿರಾ:
ಎಲ್ಲರೂ ಹತ್ತೋದನ್ನೇ ಹೇಳ್ತೀರಪ್ಪ. ಹತ್ತುವಾಗ ಗಾಡಿ ಸೋತರೆ ನಿಲ್ಲುತ್ತದೆ, ಅಷ್ಟೇ. ಚಾರ್ಮಾಡಿ ಇಳಿಯುವಾಗ ಹಿಂದಿನಿಂದ 1,200 ಕೆ.ಜಿ. ತಳ್ಳುತ್ತಾ ಇರುತ್ತದಲ್ಲ, ಆಗ ಬ್ರೇಕನ್ನೇ ಒತ್ತಿಕೊಂಡು ಬಂದರೆ ಅರ್ಧ ದಾರಿಗೇ ಬ್ರೇಕ್ ಲೈನರ್ ಕಾದು ಹಿಡಿತ ಬಿಡುತ್ತದೆ. ಹತ್ತಿದ ಗೇರಿಗಿಂತ ಒಂದು ಕಡಿಮೆ ಗೇರಿನಲ್ಲಿ ಇಳಿಯಬೇಕು. ಆಟೊಮ್ಯಾಟಿಕ್ ಆದರೂ ಮ್ಯಾನುಯಲ್ ಮೋಡಿಗೆ ಹಾಕಿ ಗೇರ್ ಹಿಡಿದಿಟ್ಟುಕೊಳ್ಳಿ, ಡಿ (ಡ್ರೈವ್) ಯಲ್ಲೇ ಬಿಟ್ಟು ಸುಮ್ನೆ ಕೂರಬೇಡಿ. ಟ್ರೇಲರಿಗೆ ಅದರದೇ ಬ್ರೇಕ್ ಇದೆಯೋ ಇಲ್ಲವೋ? ಮೊದಲು ಅದು ಹೇಳಿ.

ಕ್ಯಾತ್ಸಂದ್ರದವನು:
ಇಲ್ಲ ಅಣ್ಣ. ಇಷ್ಟು ಸಣ್ಣದಕ್ಕೆ ಬ್ರೇಕ್ ಯಾಕೆ ಅಂತಾರೆ ಮಾಡಿಕೊಡೋರು.

ಹಳೇ ಲಾರಿ ಡ್ರೈವರ್, ಶಿರಾ:
ಹಾಗಾದರೆ ಅವರ ಹತ್ತಿರ ಮಾಡಿಸಲೇಬೇಡಿ. ಯುರೋಪಿನಲ್ಲಿ 750 ಕೆ.ಜಿ. ದಾಟಿದರೆ ಟ್ರೇಲರಿಗೆ ಬ್ರೇಕ್ ಕಡ್ಡಾಯ, ನಿಮ್ಮದು ಅದಕ್ಕಿಂತ ಎಷ್ಟೋ ಜಾಸ್ತಿ. ಎಲೆಕ್ಟ್ರಿಕ್ ಬ್ರೇಕ್ ಹಾಕಿಸಿ, ಡ್ರೈವರ್ ಸೀಟಿನಿಂದಲೇ ಅದರ ಹಿಡಿತ ಹೆಚ್ಚು ಕಡಿಮೆ ಮಾಡಬಹುದು. ಓವರ್‌ರನ್ ಬ್ರೇಕ್ ಅಂತ ಇನ್ನೊಂದಿದೆ, ಟ್ರೇಲರ್ ಮುಂದಕ್ಕೆ ತಳ್ಳಿದಾಗ ತಾನೇ ಹಿಡಿಯುತ್ತದೆ, ಆದರೆ ಉದ್ದ ಇಳಿಜಾರಿನಲ್ಲಿ ಒಂದೇ ಸಮ ಹಿಡಿದು ಬಿಸಿಯಾಗುತ್ತದೆ. ಅದಾದರೆ ನಡುವೆ ನಿಲ್ಲಿಸಿ ತಣ್ಣಗಾಗಲು ಬಿಡಬೇಕು.

ಡೀಸೆಲ್ ಪ್ರಿಯ, ಚಿಂತಾಮಣಿ:
ಅಣ್ಣ ಹೇಳಿದ್ದೇ ಸರಿ. ಇನ್ನೊಂದು ಮಾತು, ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಹುಕ್ಕಿನ ಮೇಲೆ ಕೂರಬೇಕು, ಅಂದರೆ ನಿಮಗೆ 120 ಕೆ.ಜಿ.ಯಾದರೂ. ಕಡಿಮೆಯಾದರೆ ಹೈವೇಯಲ್ಲಿ ಟ್ರೇಲರ್ ಬಾಲದ ಹಾಗೆ ಅತ್ತಿತ್ತ ಅಲ್ಲಾಡುತ್ತದೆ. ಈ 120ನ್ನು ಮನೆಯವರ ತೂಕ, ಲಗೇಜಿನ ಜೊತೆ ಗಾಡಿಯ ಲೋಡಿಗೆ ಸೇರಿಸಿ ಲೆಕ್ಕ ಹಾಕಿ. ಎಷ್ಟು ಎಳೆಯಬಹುದು ಅಂತ ಕಂಪನಿಯಿಂದ ಬರಹದಲ್ಲೇ ತಗೊಳ್ಳಿ, ಶೋರೂಮ್ ಹುಡುಗರ ಬಾಯಿಮಾತು ಬೇಡ. ಟ್ರೇಲರಿಗೂ ಆರ್‌ಟಿಒದಲ್ಲಿ ಬೇರೆ ನೋಂದಣಿ ಆಗಬೇಕು, ಮರೀಬೇಡಿ.

ಕ್ಯಾತ್ಸಂದ್ರದವನು:
ಸರಿ, ಸ್ಕಾರ್ಪಿಯೊ-ಎನ್ ಆಟೊಮ್ಯಾಟಿಕ್, ಟ್ರೇಲರಿಗೆ ಎಲೆಕ್ಟ್ರಿಕ್ ಬ್ರೇಕ್. ಮೊದಲು ದೇವರಾಯನದುರ್ಗದಲ್ಲಿ ಹತ್ತಿ ಇಳಿದು ನೋಡಲಾ?

ಹಳೇ ಲಾರಿ ಡ್ರೈವರ್, ಶಿರಾ:
ನೋಡಿ, ಆದರೆ ಭಾನುವಾರ ಬೇಡ. ಮೊದಲು ಖಾಲಿ ಮೈದಾನದಲ್ಲಿ ರಿವರ್ಸ್ ಕಲಿತುಕೊಳ್ಳಿ. ಬೆಟ್ಟದ ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಹಿಂದಕ್ಕೆ ಹೋಗಬೇಕಾದವರು ನೀವೇ.