ಭಾಗಶಃ ಹಣ ವಾಪಸ್ ಬಂದ ಮೇಲೆ ಪೂರ್ತಿ ಮೊತ್ತದ ಚೆಕ್ ಬೌನ್ಸ್: ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ (ಚೆಕ್ ಬೌನ್ಸ್ ಅಪರಾಧ) ಕೇಸು ನಿಲ್ಲುತ್ತದೆಯೇ?

ಲೆಕ್ಕದ_ಪುಸ್ತಕ:
ಕೈಸಾಲ 6 ಲಕ್ಷ. ಅದಕ್ಕೆ ಕೊಟ್ಟ ಚೆಕ್ಕೂ 6 ಲಕ್ಷದ್ದೇ, ತಾರೀಖು ಫೆಬ್ರವರಿ 10. ಫೆಬ್ರವರಿ 20ರಂದು ಸಾಲಗಾರರು ಯುಪಿಐ ಮೂಲಕ ಒಂದೂವರೆ ಲಕ್ಷ ಹಾಕಿದ್ದಾರೆ. ಆಮೇಲೆ ಚೆಕ್ ಬ್ಯಾಂಕಿಗೆ ಹಾಕಿದರೆ ‘ಹಣ ಸಾಲದು’ ಅಂತ ವಾಪಸ್, ಮೆಮೊ ಕೈಸೇರಿದ್ದು ಮಾರ್ಚ್ 3. ನೋಟಿಸ್‌ನಲ್ಲಿ 6 ಲಕ್ಷ ಕೇಳಬೇಕೋ, ಬಾಕಿ ನಾಲ್ಕೂವರೆ ಕೇಳಬೇಕೋ? ಸಾಲದಲ್ಲಿ ಸ್ವಲ್ಪ ಭಾಗ ನಗದಾಗಿ ಕೊಟ್ಟದ್ದು, ಅದರಿಂದ ತೊಂದರೆ ಇದೆಯೇ?

ವಕಾಲತ್ತು:
ಎರಡರಲ್ಲಿ ಯಾವುದನ್ನು ಬರೆದರೂ ಸಿಕ್ಕಿಬೀಳುತ್ತೀರಿ ಸರ್.

2022ರ ಅಕ್ಟೋಬರ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಚೆಕ್ ಬ್ಯಾಂಕಿಗೆ ಹಾಕಿದ ದಿನ ಅದರಲ್ಲಿರುವಷ್ಟು ಸಾಲ ನಿಜವಾಗಿ ಬಾಕಿ ಇರಬೇಕು. ಚೆಕ್ ಬರೆದ ಮೇಲೆ, ಹಾಕುವ ಮೊದಲು ಭಾಗಶಃ ಹಣ ಬಂದಿದ್ದರೆ ಅದೇ ಕಾಯ್ದೆಯ 56ನೇ ಕಲಂ ಪ್ರಕಾರ ಚೆಕ್ ಮೇಲೆಯೇ ‘ಇಷ್ಟು ಸಂದಾಯವಾಗಿದೆ’ ಎಂದು ಷರಾ ಬರೆದು, ಉಳಿದದ್ದಕ್ಕೆ ಮಾತ್ರ ಹಾಕಬೇಕಿತ್ತು. ಷರಾ ಇಲ್ಲದೆ ಪೂರ್ತಿ ಮೊತ್ತಕ್ಕೆ ಹಾಕಿದ ಚೆಕ್ ಬೌನ್ಸ್ ಆದರೆ 138ರ ಅಪರಾಧವೇ ಆಗುವುದಿಲ್ಲ.

ಹಾಗಾದರೆ ನೋಟಿಸ್‌ನಲ್ಲಿ ನಾಲ್ಕೂವರೆ ಬರೆದು ಸರಿಮಾಡಿಕೊಳ್ಳೋಣ ಎಂದರೆ 2025ರ ಸೆಪ್ಟೆಂಬರ್‌ನ ಕಾವೇರಿ ಪ್ಲಾಸ್ಟಿಕ್ಸ್ ತೀರ್ಪು ಅಡ್ಡ ಬರುತ್ತದೆ. ಅಲ್ಲಿ ಚೆಕ್ 1 ಕೋಟಿಯದು, ನೋಟಿಸ್‌ನಲ್ಲಿ 2 ಕೋಟಿ ಎಂದಿತ್ತು. ಟೈಪಿಂಗ್ ತಪ್ಪು ಎಂದು ಹೇಳಿಕೊಂಡರೂ ಕೋರ್ಟ್ ಒಪ್ಪಲಿಲ್ಲ, ಕೇಸು ರದ್ದಾಯಿತು. ನೋಟಿಸ್ ಕೇಳುವ ಮೊತ್ತ ಚೆಕ್ಕಿನ ಮೊತ್ತಕ್ಕೆ ಸರಿಯಾಗಿ ತಾಳೆಯಾಗಬೇಕು. ಬಡ್ಡಿ, ನೋಟಿಸ್ ಖರ್ಚು ಕೇಳಬಹುದು, ಆದರೆ ಚೆಕ್ ಮೊತ್ತವನ್ನು ಬೇರೆಯಾಗಿ ತೋರಿಸಿ.

ದಾರಿ ಇರುವುದು ಒಂದೇ ಕಡೆ. ಚೆಕ್ ತಾರೀಖಿನಿಂದ 3 ತಿಂಗಳು ಇನ್ನೂ ಮುಗಿದಿಲ್ಲ. ನಾಲ್ಕೂವರೆ ಲಕ್ಷದ ಹೊಸ ಚೆಕ್ ಬರೆಸಿಕೊಳ್ಳಿ. ಕೊಡದಿದ್ದರೆ ಹಳೆಯದರ ಮೇಲೆ ಷರಾ ಬರೆದು ಮತ್ತೆ ಹಾಕುವುದು ಕಾನೂನಿನಲ್ಲಿ ಸರಿ. ಆದರೆ ಷರಾ ಇರುವ ಚೆಕ್ ಕ್ಲಿಯರಿಂಗ್‌ನಲ್ಲಿ ತಕರಾರು ತರುತ್ತದೆ, ಮೊದಲೇ ಬ್ರ್ಯಾಂಚಿನಲ್ಲಿ ವಿಚಾರಿಸಿ.

ಕಟಕಟೆ:
ಮೇಲಿನದು ಸರಿ. ಹೊಸ ಚೆಕ್ಕೂ ಬೌನ್ಸ್ ಆದರೆ ದಿನದ ಲೆಕ್ಕದಲ್ಲೇ ಹೆಚ್ಚಿನವರು ಎಡವುತ್ತಾರೆ, ಅದನ್ನು ಹೇಳುತ್ತೇನೆ. ನಿಮ್ಮ ಮಾರ್ಚ್ 3ನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೆಮೊ ಸಿಕ್ಕ ದಿನ ಬಿಟ್ಟು 30 ದಿನ, ಅಂದರೆ ಏಪ್ರಿಲ್ 2ರೊಳಗೆ ನೋಟಿಸ್ ಹೋಗಬೇಕು. ಮಾರ್ಚ್ 24ಕ್ಕೆ ಅವರಿಗೆ ತಲುಪಿತು ಅನ್ನಿ. ಮರುದಿನದಿಂದ 15 ದಿನ ಎಣಿಸಿದರೆ ಏಪ್ರಿಲ್ 8. ಆ ದಿನ ಮುಗಿಯುವವರೆಗೂ ದುಡ್ಡು ಕಟ್ಟಲು ಅವರಿಗೆ ಅವಕಾಶವಿದೆ. ಏಪ್ರಿಲ್ 9ಕ್ಕೆ ವ್ಯಾಜ್ಯಕಾರಣ (ಕೇಸು ಹಾಕುವ ಹಕ್ಕು) ಹುಟ್ಟುತ್ತದೆ, ಆ ದಿನವನ್ನೂ ಬಿಟ್ಟು ಒಂದು ತಿಂಗಳು ಎಣಿಸಿದರೆ ಮೇ 9 ಕೊನೆಯ ದಿನ. ಇಲ್ಲಿ 30 ದಿನವಲ್ಲ, ಕ್ಯಾಲೆಂಡರ್ ತಿಂಗಳು. ಆತುರಪಟ್ಟು 15 ದಿನ ಮುಗಿಯುವ ಮೊದಲೇ ಹಾಕಿದ ಫಿರ್ಯಾದು ಊರ್ಜಿತವಲ್ಲ, 2014ರಲ್ಲೇ ಇತ್ಯರ್ಥವಾದ ವಿಷಯ. ತಡವಾದರೆ ಸಕಾರಣ ತೋರಿಸಿ ಮಾಫಿ ಕೇಳಬಹುದು. ನೋಟಿಸ್ ಕಳಿಸುವ 30 ದಿನಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ.

ಲಕೋಟೆ ‘ಬಾಗಿಲು ಹಾಕಿದೆ’, ‘ಪಡೆಯಲಿಲ್ಲ’ ಎಂಬ ಷರಾದೊಂದಿಗೆ ವಾಪಸ್ ಬಂದರೆ ಹೆದರಬೇಡಿ. ವಿಳಾಸ ಸರಿಯಿದ್ದರೆ ತಲುಪಿದಂತೆಯೇ ಲೆಕ್ಕ. ಲಕೋಟೆಯನ್ನು ಒಡೆಯದೆ ಹಾಗೆಯೇ ಇಡಿ, ಕೋರ್ಟಿನಲ್ಲಿ ಅದೇ ದಾಖಲೆ.

ಲೆಕ್ಕದ_ಪುಸ್ತಕ:
ಧನ್ಯವಾದ. ನಗದಿನ ವಿಷಯ? 20 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟಿದ್ದರೆ ಕೇಸೇ ಇಲ್ಲ ಎಂದು ಒಬ್ಬರು ಹೇಳುತ್ತಿದ್ದಾರೆ.

ವಕಾಲತ್ತು:
ಅದು ಕೇರಳ ಹೈಕೋರ್ಟಿನ 2025ರ ತೀರ್ಪು. ಹೆಚ್ಚು ದಿನ ಬದುಕಲಿಲ್ಲ. ಅದೇ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ನಗದು ಸಾಲಕ್ಕೆ ಮಿತಿ ಹಾಕಿದ 269ಎಸ್‌ಎಸ್ ಕಲಂ ಮೀರಿದರೆ ದಂಡ ಬೀಳಬಹುದು, ಸಾಲ ಮಾತ್ರ ಸಾಲವಾಗಿಯೇ ಉಳಿಯುತ್ತದೆ.

ಆದರೆ ನಗದು ಸಾಲದಲ್ಲಿ ನಿಜವಾದ ಏಟು ಬೀಳುವುದು ಪಾಟೀಸವಾಲಿನಲ್ಲಿ. ‘ಅಷ್ಟು ದುಡ್ಡು ನಿಮ್ಮ ಬಳಿ ಎಲ್ಲಿತ್ತು?’ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕರ್ನಾಟಕದ ಪ್ರಕರಣ ನೋಡಿ, ಕಾಕತಾಳೀಯವಾಗಿ ಅದೂ 6 ಲಕ್ಷದ ಚೆಕ್. ಹೈಕೋರ್ಟ್ ಆರೋಪಿಗೆ ಶಿಕ್ಷೆ ಕೊಟ್ಟಿತ್ತು. ಸಾಲ ಕೊಡುವ ಶಕ್ತಿ ಇತ್ತು ಎಂದು ಫಿರ್ಯಾದಿ ತೋರಿಸಲಿಲ್ಲ ಎಂದು ಸುಪ್ರೀಂ ಕೋರ್ಟಿನಲ್ಲಿ ಖುಲಾಸೆ ಆಯಿತು. ಚೆಕ್ಕಿನ ಸಹಿ ಒಪ್ಪಿದರೆ ಸಾಲವಿದೆ ಎಂದು ಕೋರ್ಟ್ ಮೊದಲಿಗೆ ಭಾವಿಸುತ್ತದೆ, ನಿಜ. ಆ ಭಾವನೆಯನ್ನು ಅಲುಗಾಡಿಸಲು ಆರೋಪಿ ಸಾಕ್ಷಿಕಟ್ಟೆ ಹತ್ತಲೇಬೇಕಿಲ್ಲ, ನಿಮ್ಮ ಬಾಯಿಂದಲೇ ಬರುವ ಉತ್ತರ ಸಾಕು. ಬ್ಯಾಂಕಿನಿಂದ ಹಣ ತೆಗೆದ ದಿನಾಂಕ, ಪಾಸ್‌ಬುಕ್, ಫಸಲು ಮಾರಿದ ರಸೀದಿ, ಐಟಿ ರಿಟರ್ನ್: ಇವನ್ನು ಫಿರ್ಯಾದಿನ ಜೊತೆಗೇ ಜೋಡಿಸಿ.

ಜೆಎಂಎಫ್‌ಸಿ_ಕಾರಿಡಾರ್:
ಇನ್ನೆರಡು ಮಾತು ಸೇರಿಸುತ್ತೇನೆ.

ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು) 223ನೇ ಕಲಂ ಬಂದ ಮೇಲೆ ಕಾಗ್ನಿಜೆನ್ಸ್‌ಗೆ (ಕೋರ್ಟ್ ಫಿರ್ಯಾದನ್ನು ವಿಚಾರಣೆಗೆ ತೆಗೆದುಕೊಳ್ಳುವುದಕ್ಕೆ) ಮೊದಲೇ ಆರೋಪಿಗೆ ನೋಟಿಸ್ ಕೊಡಬೇಕು ಎಂದು ಕೆಲವು ಕೋರ್ಟ್‌ಗಳಲ್ಲಿ ತಿಂಗಳುಗಟ್ಟಲೆ ಎಳೆಯಿತು. 138ಕ್ಕೆ ಅದು ಬೇಕಿಲ್ಲ ಎಂದು ಮೊದಲು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್. ಸೆಪ್ಟೆಂಬರ್ 25ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒಪ್ಪಿದೆ. ಅದೇ ತೀರ್ಪಿನಲ್ಲಿ ರಾಜಿ ಖರ್ಚೂ ಇಳಿದಿದೆ: ಆರೋಪಿಯ ಸಾಕ್ಷ್ಯ ದಾಖಲಾಗುವ ಮೊದಲು ಚೆಕ್ ಮೊತ್ತ ಕಟ್ಟಿದರೆ ಏನೂ ಇಲ್ಲ, ಆಮೇಲೆ ತೀರ್ಪಿನ ಮೊದಲು ಚೆಕ್ ಮೊತ್ತದ ಮೇಲೆ ಹೆಚ್ಚುವರಿ ಶೇ 5, ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ ಶೇ 7.5, ಸುಪ್ರೀಂ ಕೋರ್ಟಿನಲ್ಲಿ ಶೇ 10. ಎದುರಿನವರಿಗೆ ಇದನ್ನು ತಿಳಿಸಿ, ಬೇಗ ಇತ್ಯರ್ಥವಾಗಬಹುದು. ಮಧ್ಯಂತರ ಪರಿಹಾರ ಚೆಕ್ ಮೊತ್ತದ ಶೇ 20ರವರೆಗೆ ಕೇಳಬಹುದು, ಆದರೆ ಅದು ತಾನಾಗಿ ಸಿಗುವುದಿಲ್ಲ. ಕಾರಣ ನೋಡಿ ಮ್ಯಾಜಿಸ್ಟ್ರೇಟ್ ತೀರ್ಮಾನಿಸಬೇಕು ಎಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೊಸ ಚೆಕ್ ಸಿಗದೇ ಹೋದರೆ 138ಕ್ಕೆ ಜೋತುಬೀಳದೆ ನಾಲ್ಕೂವರೆ ಲಕ್ಷಕ್ಕೆ ಸಿವಿಲ್ ದಾವೆ ಹಾಕಿ. ಮೂರು ವರ್ಷದ ಅವಧಿಯನ್ನು ಸಾಲ ಕೊಟ್ಟ ದಿನದಿಂದಲೇ ಎಣಿಸಿಕೊಳ್ಳಿ. ಯುಪಿಐ ಪಾವತಿಯಿಂದ ಅವಧಿ ಹೊಸದಾಗಿ ಶುರುವಾಯಿತು ಎಂದು ನಂಬಿ ಕೂರಬೇಡಿ, ಅದಕ್ಕೆ ಕೊಟ್ಟವರ ಕೈಬರಹವೋ ಸಹಿಯೋ ಇರುವ ಕಾಗದ ಬೇಕು.