ಅಪ್‌ಡೇಟ್: ಹಾಕಿ ಈಸ್ಟ್ ವೇಳಾಪಟ್ಟಿ ಮತ್ತು ಆ ಮೂರನೇ ಪಂದ್ಯ

ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಕೆಲವು ಎದುರಾಳಿಗಳ ಜೊತೆ ಮೂರು ಪಂದ್ಯ, ಉಳಿದವರ ಜೊತೆ ಎರಡೇ ಯಾಕೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ಈಗ ಲೆಕ್ಕ ಸ್ಪಷ್ಟವಾಗಿದೆ.

ಹಾಕಿ ಈಸ್ಟ್ ಅನ್ನೋ ಕಾಲೇಜು ಲೀಗ್‌ನಲ್ಲಿ (ಪುರುಷರ ವಿಭಾಗ) 11 ತಂಡ, ಪ್ರತಿ ತಂಡಕ್ಕೆ 24 ಲೀಗ್ ಪಂದ್ಯ. ಹತ್ತು ಎದುರಾಳಿಗಳ ಜೊತೆ ಎರಡೆರಡು ಆಡಿದರೆ 20. ಮಿಕ್ಕ ನಾಲ್ಕು, ನಾಲ್ಕು ಎದುರಾಳಿಗಳ ಜೊತೆ ಆಡೋ ಮೂರನೇ ಪಂದ್ಯ. ಅಸಮಾನತೆ ಇರೋದು ಅಲ್ಲೇ. ಇಸಿಎಸಿ ಅನ್ನೋ ಇನ್ನೊಂದು ಕಾಲೇಜು ಲೀಗ್‌ನಲ್ಲಿ 12 ತಂಡ, 22 ಪಂದ್ಯ. ಎಲ್ಲರ ಜೊತೆಗೂ ತವರಲ್ಲೊಂದು, ಹೊರಗೊಂದು. ಅಲ್ಲಿ ಈ ತಕರಾರೇ ಹುಟ್ಟಲ್ಲ.

ಆ ನಾಲ್ಕು ಪಂದ್ಯ ಬಲಿಷ್ಠರ ಮೇಲೆ ಬಿದ್ದ ತಂಡಕ್ಕೂ ದುರ್ಬಲರು ಸಿಕ್ಕ ತಂಡಕ್ಕೂ ಅಂಕಪಟ್ಟಿ ಒಂದೇ. ಇದು ನನಗೆ ನಿಜಕ್ಕೂ ನೋವಿನ ವಿಷಯ, ಯಾಕಂದ್ರೆ ಆಟಗಾರರಿಗೆ ಸಿಗೋದು ಕೆಲವೇ ಸೀಸನ್. ವರ್ಷ ವರ್ಷ ಎದುರಾಳಿ ಬದಲಿಸಿದ್ರೂ ಈ ವರ್ಷ ಕಾಲೇಜು ಮುಗಿಸುವವನಿಗೆ ಅದರಿಂದ ಏನೂ ಸಿಗಲ್ಲ. 20 ಪಂದ್ಯ ಸಾಕು ಅಂತಲೇ ನನ್ನ ಅಭಿಪ್ರಾಯ.